ಬೀಜಕ್ಕೆ ಬಿಟ್ಟ ಬಳ್ಳಿ

ನಮ್ಮ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಒಂದು ಪಿಂಗಾಣಿ ಜಾಡಿ ಇದೆ. ಅದರ ಮುಚ್ಚಳ ತೆಗೆದರೆ ಸಾಕು, ಮನೆ ಎರಡು ಪಕ್ಷವಾಗುತ್ತದೆ. ನನಗೂ ನನ್ನ ಹೆಂಡತಿಗೂ ಬಾಯಲ್ಲಿ ನೀರೂರುತ್ತದೆ. ಮೊಮ್ಮಗಳು ಪುಟ್ಟಿ ಮೂಗು ಹಿಡಿದುಕೊಂಡು "ತಿಗಣೆ ವಾಸನೆ!" ಎಂದು ವರಾಂಡಕ್ಕೆ ಓಡುತ್ತಾಳೆ. ಹುಟ್ಟಿದಾಗಿನಿಂದ ತಿಗಣೆಯನ್ನೇ ನೋಡದ ಹುಡುಗಿಗೆ ಅದರ ವಾಸನೆ ಹೇಗೆ ಗೊತ್ತು? ಎಲ್ಲ ಅವರಪ್ಪ ಹೇಳಿಕೊಟ್ಟದ್ದು.

ಜಾಡಿಯಲ್ಲಿರುವುದು ಮಾಗಳಿ ಬೇರಿನ ಉಪ್ಪಿನಕಾಯಿ. ಕೆಲವರು ಮಾಕಳಿ ಎನ್ನುತ್ತಾರೆ. ಬೇರಿನ ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಸಣ್ಣಗೆ ಹೆಚ್ಚಿ, ಮಜ್ಜಿಗೆಯಲ್ಲಿ ನೆನೆಹಾಕಿ, ಉಪ್ಪು ಸಾಸಿವೆ ಖಾರ ಬೆರೆಸಿಟ್ಟರೆ ಮೊಸರನ್ನಕ್ಕೆ ಅದರಂಥ ಜೊತೆ ಇನ್ನೊಂದಿಲ್ಲ.

ಪುಟ್ಟಿ ಆರನೇ ತರಗತಿ. ಕಳೆದ ಸಂಕ್ರಾಂತಿಯ ಹೊತ್ತಿಗೆ ಅವಳಿಗೆ ಶಾಲೆಯಲ್ಲಿ ಬೀಜ ಪ್ರಸಾರದ ಪಾಠ ನಡೆಯುತ್ತಿತ್ತು. ಹತ್ತು ಬಗೆಯ ಬಳ್ಳಿಗಳನ್ನು ನೋಡಿ, ಅವುಗಳ ಬೀಜ ಹೇಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆಂದು ಬರೆದು ತರಬೇಕಂತೆ. ಅವಳು ಅವರೆ, ಹೀರೆ, ಸೋರೆ, ಹಾಗಲ, ಕುಂಬಳ ಎಂದು ಪಟ್ಟಿ ಮಾಡಿಕೊಂಡು ಹೋದಳು. "ಇವೆಲ್ಲ ಮನುಷ್ಯರು ಬಿತ್ತಿದ್ದು. ತಾನಾಗಿಯೇ ಪ್ರಯಾಣ ಮಾಡುವ ಬಳ್ಳಿ ಬೇಕು" ಎಂದು ಟೀಚರ್ ಅಷ್ಟಕ್ಕೂ ಕೆಂಪು ಗೀಟು ಎಳೆದು ಕಳಿಸಿದರು. ಸಂಜೆ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದವಳ ಕಣ್ಣು ಜಾಡಿಯ ಮೇಲೆ ಬಿತ್ತು.

"ತಾತ, ಇದೂ ಬಳ್ಳಿ ತಾನೆ? ಇದರ ಬೀಜ ಹೇಗಿರುತ್ತೆ?"

ಉತ್ತರ ಹೇಳಲು ಬಾಯಿ ತೆರೆದೆ. ಏನೂ ಹೊರಡಲಿಲ್ಲ. ನನಗೀಗ 73 ವರ್ಷ. ಇಷ್ಟು ವರ್ಷಗಳಲ್ಲಿ ಎಷ್ಟು ಜಾಡಿ ಖಾಲಿ ಮಾಡಿದ್ದೇನೋ ಲೆಕ್ಕವಿಲ್ಲ. ಚಿಕ್ಕವನಾಗಿದ್ದಾಗ ಕೈಯಾರೆ ಬೇರನ್ನೂ ಅಗೆದಿದ್ದೇನೆ. ಆದರೆ ಬೀಜವನ್ನು ಒಂದು ಸಲವೂ ನೋಡಿರಲಿಲ್ಲ.

"ನೋಡಿಕೊಂಡು ಬರೋಣ, ಬಾ" ಎಂದೆ.

ಮುಂದಿನ ಭಾನುವಾರ ಬೆಳಿಗ್ಗೆ ಇಬ್ಬರೂ ಮಾಗಡಿ ಬಸ್ಸು ಹತ್ತಿದೆವು. ನಾವು ಹೊರಟದ್ದು ಸಾವನದುರ್ಗಕ್ಕೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್, ಮಾಗಡಿಯಿಂದ ಹತ್ತು ಹನ್ನೆರಡು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಆ ಸೀಮೆಯ ಒಂದು ಶಾಖೆಯಲ್ಲಿ ನಾಲ್ಕು ವರ್ಷ ಇದ್ದೆ. ದಿನವೂ ದೂರದಿಂದ ಬೆಟ್ಟ ನೋಡುತ್ತಿದ್ದೆ. ಹತ್ತಿದ್ದು ಮಾತ್ರ ಒಂದೇ ಸಲ, ಅದೂ ತಲೆ ಬಗ್ಗಿಸಿಕೊಂಡು. ದಾರಿಯ ಪಕ್ಕ ಏನಿದೆ ಎಂದು ನೋಡಿರಲಿಲ್ಲ.

ಸಾವನದುರ್ಗ ಎಂದರೆ ಮಣ್ಣಿನ ಬೆಟ್ಟದ ಮೇಲೆ ಬಂಡೆ ಕೂತದ್ದಲ್ಲ. ಬೆಟ್ಟವೇ ಒಂದು ಬಂಡೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಭಾಗ. ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ದೇವಸ್ಥಾನಗಳು. ರಾಮನಗರದ ಬಂಡೆಗಳೂ ಇದರ ಬಳಗದವೇ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಹಾಗಾಗಿ ಭೂವಿಜ್ಞಾನಿಗಳು ಈ ಕಲ್ಲನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. "ಹಾಗಾದರೆ ಇದರ ಮುಂದೆ ತಾತ ಎಲ್‌ಕೆಜಿ" ಎಂದಳು ಪುಟ್ಟಿ.

ಬಯಲಿನ ನಡುವೆ ಹೀಗೆ ಒಂಟಿಯಾಗಿ ಎದ್ದು ನಿಂತ ಕಲ್ಲುಬೆಟ್ಟಕ್ಕೆ ಇನ್ಸೆಲ್‌ಬರ್ಗ್ ಎಂಬ ಹೆಸರಿದೆ. ಜರ್ಮನ್ ಭಾಷೆಯಲ್ಲಿ ಇನ್ಸೆಲ್ ಎಂದರೆ ದ್ವೀಪ, ಬರ್ಗ್ ಎಂದರೆ ಬೆಟ್ಟ. ಪೂರ್ವ ಆಫ್ರಿಕಾದಲ್ಲಿ ಇಂಥ ಬೆಟ್ಟಗಳನ್ನು ಕಂಡ ಬೋರ್ನ್‌ಹಾರ್ಟ್ ಎಂಬ ಜರ್ಮನ್ ಭೂವಿಜ್ಞಾನಿ 1900ರಲ್ಲಿ ಇಟ್ಟ ಹೆಸರು. ಚೆನ್ನಾಗಿ ಹೊಂದುತ್ತದೆ. ಬೆಟ್ಟದ ಸುತ್ತ ಹೊಲ, ಮಾವಿನ ತೋಪು, ರಸ್ತೆ. ನಡುವೆ ಈ ಕಲ್ಲಿನ ದ್ವೀಪ. ಇಲ್ಲಿ ಹುಟ್ಟಿದ ಬೀಜ ಇಲ್ಲೇ ಇನ್ನೊಂದು ಬಿರುಕು ಹುಡುಕಿಕೊಳ್ಳಬೇಕು. ಇಲ್ಲವೇ ಬಯಲು ದಾಟಿ ಇನ್ನೊಂದು ಬೆಟ್ಟಕ್ಕೆ ಹೋಗಬೇಕು. ಪಾಪ, ಬಳ್ಳಿಗೆ ಕಾಲಿಲ್ಲ.

ಚೀಟಿ ಮಾಡಿಸಿ, ದಾರಿ ತೋರಿಸಲು ಊರಿನ ಒಬ್ಬ ಹುಡುಗನನ್ನು ಜೊತೆ ಮಾಡಿಕೊಂಡು ಹೊರಟೆವು. ಅವನು ಮೊದಲೇ ಹೇಳಿದ: "ಏನನ್ನೂ ಕೀಳಬಾರದು, ಬಾಯಿಗೆ ಹಾಕಬಾರದು. ನೋಡಿ ಬರೆದುಕೊಳ್ಳಬಹುದು." ಪುಟ್ಟಿ ಚಿತ್ರದ ಪುಸ್ತಕ ತೆಗೆದು ಒಂದರಿಂದ ಹತ್ತರವರೆಗೆ ಅಂಕಿ ಬರೆದಳು. ಹತ್ತನೆಯದರ ಮುಂದೆ ಆಗಲೇ 'ಮಾಗಳಿ' ಎಂದು ಬರೆದು, ಚಿತ್ರಕ್ಕೆ ಜಾಗ ಬಿಟ್ಟಳು.

ಮೊದಲನೆಯದು ನನ್ನ ಅಂಗಿಯನ್ನೇ ಹಿಡಿದು ನಿಲ್ಲಿಸಿತು. ಸೂರಿಮುಳ್ಳು. ಪರಿಗೆ ಹಣ್ಣು ಎಂದರೆ ಕೆಲವು ಓದುಗರಿಗೆ ಬೇಗ ಗೊತ್ತಾಗುತ್ತದೆ. ಕೊಕ್ಕೆಯಂಥ ಮುಳ್ಳನ್ನು ಪೊದೆಗೆ ಸಿಕ್ಕಿಸಿಕೊಂಡು ಮೇಲೇರುತ್ತದೆ. ಪುಟ್ಟ ಕಪ್ಪು ಹಣ್ಣು, ಹುಳಿ ಸಿಹಿ. ನರಿಗೂ ಕರಡಿಗೂ ಇದೆಂದರೆ ಪ್ರಾಣ. ಅವು ತಿಂದು ನಡೆದುಹೋಗಿ ಎಲ್ಲೋ ಹಿಕ್ಕೆ ಹಾಕುತ್ತವೆ, ಬೀಜ ಗೊಬ್ಬರದ ಸಮೇತ ಇಳಿಯುತ್ತದೆ. "ಇಲ್ಲಿ ಕರಡಿ ಇದೆಯಾ?" ಎಂದು ಪುಟ್ಟಿ ನನ್ನ ಕೈ ಹಿಡಿದಳು. "ಇದೆ. ಅದಕ್ಕೇ ಬೆಳಕು ಚೆನ್ನಾಗಿ ಹರಿದ ಮೇಲೆ ಹತ್ತಬೇಕು, ಬಿಸಿಲು ಇಳಿಯುವ ಮೊದಲು ಇಳಿಯಬೇಕು" ಎಂದ ಹುಡುಗ.

ಮರ ಕಡಿಮೆಯಾಗಿ ಬಂಡೆ ಶುರುವಾಯಿತು. ಕಲ್ಲಿನ ಮೇಲೆ ಬಳ್ಳಿಗಳು ಯಾಕೆ ಇಷ್ಟೊಂದು ಎಂದು ನನಗೆ ಅಲ್ಲಿ ಕೂತಾಗ ಹೊಳೆಯಿತು. ಮರಕ್ಕೆ ನೆಟ್ಟಗೆ ನಿಲ್ಲಲು ಆಳವಾದ ಮಣ್ಣು ಬೇಕು. ಬಳ್ಳಿಗೆ ಬೇರೂರಲು ಒಂದು ಬಿರುಕು ಸಾಕು. ಅಲ್ಲಿ ಕಾಲೂರಿ, ಬಂಡೆಯ ಮೇಲೆ ಹರಿದುಹೋಗಿ, ಸಿಕ್ಕ ಪೊದೆಯ ಹೆಗಲೇರುತ್ತದೆ. ಬಿಸಿಲಿನಲ್ಲಿ ಕಲ್ಲು ಕಾವಲಿಯಾದಾಗ ಬದುಕಲು ಒಂದೊಂದೂ ಒಂದೊಂದು ಉಪಾಯ ಮಾಡಿಕೊಂಡಿದೆ. ಮಂಗರವಳ್ಳಿ ತನ್ನ ಚೌಕನೆಯ ದಪ್ಪ ಕಾಂಡದಲ್ಲೇ ನೀರು ತುಂಬಿಕೊಳ್ಳುತ್ತದೆ. ಶತಾವರಿ ನೆಲದೊಳಗೆ ಗೆಡ್ಡೆಗಳ ಗೊಂಚಲು ಇಟ್ಟುಕೊಳ್ಳುತ್ತದೆ. ಅದಕ್ಕೇ ನಮ್ಮ ಹಿರಿಯರು ಅದನ್ನು 'ಹಲವು ಮಕ್ಕಳ ತಾಯಿ' ಎಂದು ಕರೆದರು.

ಮಂಗರವಳ್ಳಿ, ಶತಾವರಿ, ಕಾಡು ತೊಂಡೆ ಮೂರಕ್ಕೂ ಕೆಂಪು ಹಣ್ಣು. ಪುಸ್ತಕದಲ್ಲಿ ಎರಡು, ಮೂರು, ನಾಲ್ಕು ತುಂಬಿದವು. ಕೆಂಪು ಎಂದರೆ ಹಕ್ಕಿಗಳಿಗೆ ಬರೆದ ಬೋರ್ಡು: 'ಊಟ ತಯಾರಿದೆ.' ಈ ಬೆಟ್ಟದಲ್ಲಿ ಒಂದು ವಿಶೇಷ ಹಕ್ಕಿಯಿದೆ, ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಮ್ಮ ಅದೃಷ್ಟಕ್ಕೆ ಒಂದು ಬಂದು ಬಿರುಕಿನ ಪೊದೆಯ ಮೇಲೆ ಕೂತಿತು. ಹುಡುಗ ಬೆರಳು ತುಟಿಗಿಟ್ಟ. ಹಕ್ಕಿ ಅತ್ತ ಇತ್ತ ನೋಡಿತು, ಬಾಲ ಕುಣಿಸಿತು, ಹಿಕ್ಕೆ ಹಾಕಿತು, ಹಾರಿತು.

ಪುಟ್ಟಿ ನಕ್ಕಳು. ನಾನು ನಗಲಿಲ್ಲ. ಯೋಚಿಸಿ ನೋಡಿ ಮಕ್ಕಳೇ. ಅಷ್ಟು ದೊಡ್ಡ ಬೋಳು ಬಂಡೆಯಲ್ಲಿ ಹಕ್ಕಿಗೆ ಕೂರಲು ಜಾಗ ಇರುವುದು ಪೊದೆಯ ಮೇಲೆ. ಪೊದೆ ಇರುವುದು ಮಣ್ಣಿರುವ ಬಿರುಕಿನಲ್ಲಿ. ಹಕ್ಕಿ ಹಾಕಿದ ಬೀಜ ಬೀಳುವುದೂ ಅಲ್ಲೇ. ಮಣ್ಣೂ ಸಿಕ್ಕಿತು, ಹತ್ತಲು ಆಸರೆಯೂ ಸಿಕ್ಕಿತು. ಅಂಚೆಯವನು ಮನೆ ಬಾಗಿಲಿಗೇ ಬಂದು ಕಾಗದ ಕೊಟ್ಟ ಹಾಗೆ.

ಐದನೆಯದು ನನ್ನ ಹಳೆಯ ಸ್ನೇಹಿತ, ಗುಲಗಂಜಿ. ಒಣಗಿದ ಕಾಯಿ ಬಾಯಿಬಿಟ್ಟು, ಕೆಂಪು ಮೈ ಕಪ್ಪು ಕಣ್ಣಿನ ಬೀಜಗಳು ಹೊಳೆಯುತ್ತಿದ್ದವು. ನಮ್ಮ ಬ್ಯಾಂಕಿಗೆ ಚಿನ್ನದ ಸಾಲದ ಒಡವೆ ತೂಗಲು ಬರುತ್ತಿದ್ದ ಅಕ್ಕಸಾಲಿಗರ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಿಡಿ ಗುಲಗಂಜಿ ಇರುತ್ತಿತ್ತು. ಅಷ್ಟು ಹೊತ್ತಿಗೆ ಗ್ರಾಂ ತೂಕ ಬಂದಿತ್ತು. ಆದರೂ ಅವರ ತಂದೆಯ ಕಾಲದ್ದೆಂದು ಇಟ್ಟುಕೊಂಡಿದ್ದರು. ಹಳೆಯ ಲೆಕ್ಕದಲ್ಲಿ 96 ಗುಲಗಂಜಿಗೆ ಒಂದು ತೊಲ. ಅಂದರೆ ಒಂದು ಬೀಜ ಸುಮಾರು 0.12 ಗ್ರಾಂ.

ಈ ಬೀಜ ಹಕ್ಕಿಗೆ ಮೋಸ ಮಾಡುತ್ತದೆ. ಹಣ್ಣಿನ ಹಾಗೆ ಮಿನುಗುತ್ತದೆ, ತಿರುಳು ಒಂದು ಚೂರೂ ಇಲ್ಲ. ಮೋಸಹೋದ ಹಕ್ಕಿ ನುಂಗುತ್ತದೆ, ಗಟ್ಟಿ ಸಿಪ್ಪೆಯ ಬೀಜ ಇದ್ದ ಹಾಗೆಯೇ ಹೊರಬರುತ್ತದೆ. ಬಾಡಿಗೆ ಕೊಡದೆ ಪ್ರಯಾಣ! ಆದರೆ ಮಕ್ಕಳೇ, ಒಂದು ಮಾತು ನೆನಪಿಡಿ. ಗುಲಗಂಜಿಯನ್ನು ಅಗಿದರೆ, ಪುಡಿಮಾಡಿದರೆ ಅದು ಭಯಂಕರ ವಿಷ. ಆಟಕ್ಕೂ ಬಾಯಿಗೆ ಹಾಕಬಾರದು. ಆರನೆಯದಾದ ಅಗ್ನಿಶಿಖೆಯೂ ಹಾಗೆಯೇ. ಗೌರಿ ಹೂ ಎನ್ನುತ್ತೇವಲ್ಲ, ಬೆಂಕಿಯ ನಾಲಗೆಯಂಥ ಹೂವಿನದು. ಅದರ ಎಲೆಯ ತುದಿಯೇ ಸುರುಳಿಯಾಗಿ ಕೊಂಬೆಯನ್ನು ಹಿಡಿದುಕೊಳ್ಳುತ್ತದೆ. ನಾವು ಹೋದಾಗ ಹೂವಿರಲಿಲ್ಲ. ಒಣಗಿ ಒಡೆದ ಕಾಯಿಯಲ್ಲಿ ಕಿತ್ತಳೆಗೆಂಪಿನ ಬೀಜ ಇದ್ದವು. ಗೆಡ್ಡೆಯಿಂದ ಬೀಜದವರೆಗೆ ಎಲ್ಲವೂ ವಿಷ.

ಮೇಲೆ ಹೋದಂತೆ ಗಾಳಿ ಜೋರಾಯಿತು. ಬಳ್ಳಿಗಳ ವಾಹನವೂ ಬದಲಾಯಿತು. ಅಗ್ನಿಬಳ್ಳಿ ಕಾಗದದಂಥ ಬುಡ್ಡೆಗಳನ್ನು ತೂಗಿಬಿಟ್ಟಿತ್ತು. ಚಿಕ್ಕಂದಿನಲ್ಲಿ ನಾವು ಅದನ್ನು ಹಣೆಗೆ ಹೊಡೆದು 'ಟಪ್' ಎನಿಸುತ್ತಿದ್ದೆವು. ಕೆಳಗೆ ಬಿದ್ದು ಒಡೆದಿದ್ದ ಒಂದು ಬುಡ್ಡೆಯನ್ನು ಪುಟ್ಟಿಗೆ ತೋರಿಸಿದೆ. ಒಳಗೆ ಮೂರು ಕರಿ ಬೀಜ, ಒಂದೊಂದರ ಮೇಲೂ ಬಿಳಿಯ ಹೃದಯದ ಗುರುತು. ಈ ಬಳ್ಳಿಯ ವೈಜ್ಞಾನಿಕ ಹೆಸರಿನ ಮೊದಲ ಪದ ಕಾರ್ಡಿಯೋಸ್ಪರ್ಮಮ್. ಗ್ರೀಕ್ ಭಾಷೆಯಿಂದ ಬಂದದ್ದು, ಹೃದಯದ ಬೀಜ ಎಂದೇ ಅರ್ಥ. ಗಾಳಿ ಬಂದರೆ ಬುಡ್ಡೆ ಬಲೂನಿನಂತೆ ಬಂಡೆಯ ಮೇಲೆ ಉರುಳುತ್ತದೆ.

ಈಶ್ವರಿ ಬಳ್ಳಿಯ ಒಣಕಾಯಿ ತಲೆಕೆಳಗಾದ ಕೊಡೆಯ ಹಾಗೆ ಬಿಚ್ಚಿಕೊಂಡು ತೂಗುತ್ತಿತ್ತು. ಒಳಗೆ ತೆಳ್ಳನೆಯ ರೆಕ್ಕೆಬೀಜಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿತ್ತು, ಕ್ಯಾಷಿಯರ್ ನೋಟು ಜೋಡಿಸಿದಂತೆ. ಅದರ ಪಕ್ಕ ಹಾಲುಕೊರಟಿಗೆ. ಎಲೆ ಮುರಿದರೆ ಹಾಲು. ಕಾಯಿ ಸೀಳಿದರೆ ಬಿಳಿ ರೇಷ್ಮೆಯ ಜುಟ್ಟು ಕಟ್ಟಿಕೊಂಡ ಬೀಜಗಳು. ಇಷ್ಟಕ್ಕೆ ಒಂಬತ್ತಾಯಿತು.

ಗಾಳಿ ಹಕ್ಕಿಯ ಹಾಗಲ್ಲ. ಅದು ಬಹಳ ದೂರ ಒಯ್ಯುತ್ತದೆ, ಆದರೆ ವಿಳಾಸ ನೋಡುವುದಿಲ್ಲ. ಹಾರಿದ ಬೀಜಗಳಲ್ಲಿ ಹೆಚ್ಚಿನವು ಬೋಳು ಬಂಡೆಗೆ ಬಿದ್ದು ಒಣಗುತ್ತವೆ. ಅಪರೂಪಕ್ಕೆ ಒಂದು ಬಿರುಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಗಾಳಿಯನ್ನು ನಂಬಿದ ಬಳ್ಳಿ ತುಂಬ ಬೀಜ ಕಳಿಸಬೇಕು, ವರ್ಷ ವರ್ಷವೂ ಕಳಿಸಬೇಕು.

ಅರ್ಧ ಬೆಟ್ಟಕ್ಕೆ ನನ್ನ ಮಂಡಿ ಮುಷ್ಕರ ಹೂಡಿತು. ಬಂಡೆಯ ನೆರಳಿನಲ್ಲಿ ಕೂತೆ. ಹತ್ತನೆಯ ಜಾಗ ಖಾಲಿಯೇ ಇತ್ತು. "ಮಾಗಳಿ ಮುಂಚೆ ಬೇಕಾದಷ್ಟು ಇತ್ತಂತೆ, ನಮ್ಮ ತಾತ ಹೇಳುತ್ತಿದ್ದರು. ಈಗ ಕೈಗೆಟುಕುವ ಕಡೆ ಸಿಗುವುದು ಕಷ್ಟ" ಎಂದ ಹುಡುಗ.

"ಯಾಕೆ ಸಿಗಲ್ಲ?" ಎಂದಳು ಪುಟ್ಟಿ ನನ್ನ ಕಡೆ ತಿರುಗಿ.

ಅವಳಿಗೆ ಹೇಳಿದ್ದನ್ನು ಇಲ್ಲೂ ಹೇಳಿಬಿಡುತ್ತೇನೆ. ನಮ್ಮೂರು ತುಮಕೂರು ಜಿಲ್ಲೆಯಲ್ಲಿ, ಇಂಥದೇ ಒಂದು ಕಲ್ಲುಗುಡ್ಡದ ಬುಡದಲ್ಲಿ. ನನಗೆ ಹನ್ನೊಂದು ವರ್ಷವಿದ್ದಾಗ ದೊಡ್ಡಪ್ಪನ ಮಗನ ಜೊತೆ ಹಾರೆ ಹಿಡಿದು ಗುಡ್ಡ ಹತ್ತಿದೆ. ಒಂದು ಉದ್ದನೆಯ ಬಿರುಕಿನಲ್ಲಿ ಸಾಲಾಗಿ ಮಾಗಳಿ ಬಳ್ಳಿಗಳಿದ್ದವು. ಒಂದೂ ಬಿಡದೆ ಅಗೆದೆವು. ಬೆರಳು ಗಾತ್ರದ, ಹೆಬ್ಬೆರಳು ಗಾತ್ರದ ಬೇರುಗಳು. ಗೋಣಿಚೀಲ ತುಂಬಿತು. ಸಂತೆಯಲ್ಲಿ ಮಾರಿದಾಗ ನನ್ನ ಪಾಲಿಗೆ ಎರಡು ರೂಪಾಯಿ ಬಂತು. ಅದರಲ್ಲಿ ಒಂದು ಕಂಪಾಸ್ ಪೆಟ್ಟಿಗೆ ಕೊಂಡೆ. ಉಳಿಸಿಕೊಂಡ ಹಿಡಿ ಬೇರನ್ನು ಅಮ್ಮನಿಗೆ ಕೊಟ್ಟೆ. ಅಮ್ಮ ಸಂತೋಷಪಟ್ಟಳು. ಆಮೇಲೆ ಕೇಳಿದಳು:

"ಬೀಜಕ್ಕೆ ಒಂದಾದರೂ ಬಿಟ್ಟೆಯೇನೋ?"

ನಮ್ಮ ಮನೆಯಲ್ಲಿ ಸೌತೆಕಾಯಿ ಕೊಯ್ದರೂ ಒಂದನ್ನು ಬಳ್ಳಿಯಲ್ಲೇ ಬೀಜಕ್ಕೆ ಬಿಡುವುದು ಪದ್ಧತಿ. ನಾನು ನಕ್ಕುಬಿಟ್ಟೆ. "ಅಗೆಯೋದು ಬೇರು. ಬೇರಿಗೆ ಯಾರಮ್ಮ ಬೀಜ ಬಿಡ್ತಾರೆ?" ಎಂದೆ. ಅಮ್ಮ ಮತ್ತೇನೂ ಹೇಳಲಿಲ್ಲ.

ಮರುವರ್ಷ ಆ ಬಿರುಕಿನಲ್ಲಿ ಮಾಗಳಿ ಚಿಗುರಲಿಲ್ಲ. ಅದರ ಮರುವರ್ಷವೂ ಇಲ್ಲ. ಕೆಲಸ ಸಿಕ್ಕ ಮೇಲೆ ಒಂದು ಸಲ ಹೋಗಿ ನೋಡಿದೆ, ಬರೀ ಹುಲ್ಲಿತ್ತು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಜನರಿಗೆ ಅಸಲು ಯಾವುದು ಬಡ್ಡಿ ಯಾವುದು ಎಂದು ಬಿಡಿಸಿ ಹೇಳಿದವನು ನಾನು. ಹಣ್ಣು ಕಿತ್ತರೆ ಬಡ್ಡಿ ತೆಗೆದ ಹಾಗೆ. ಬೇರು ಕಿತ್ತರೆ ಖಾತೆಯೇ ಮುಚ್ಚಿದ ಹಾಗೆ. ಬೀಜವನ್ನು ನಾನು ಯಾಕೆ ನೋಡಿರಲಿಲ್ಲ ಎಂಬುದಕ್ಕೂ ಉತ್ತರ ಅದೇ. ಬೀಜ ಆಗುವವರೆಗೆ ನಾವು ಬಿಟ್ಟಿದ್ದರೆ ತಾನೆ?

ಮಾಗಳಿ ದಕ್ಷಿಣ ಭಾರತದ ಕಲ್ಲುಗುಡ್ಡಗಳ ಸಸ್ಯ. ಇಂದು ಅಪಾಯದಲ್ಲಿರುವ ಸಸ್ಯಗಳ ಪಟ್ಟಿ ಸೇರಿದೆ. ಈಚೆಗೆ ಸಸಿ ಮಾಡಿ ಬೆಳೆಸುವ ಪ್ರಯತ್ನಗಳು ನಡೆದಿವೆ. ಆದರೂ ಅಂಗಡಿಗೆ ಬರುವ ಬೇರಿನ ಹಿಂದೆ ಹೆಚ್ಚಾಗಿ ಇರುವುದು ಯಾವುದೋ ಗುಡ್ಡ, ಯಾವುದೋ ಹಾರೆ.

ನಾನು ಮಾತು ಮುಗಿಸಿದರೂ ಪುಟ್ಟಿ ಏನೂ ಹೇಳಲಿಲ್ಲ. ಹುಡುಗ ಎದ್ದುನಿಂತು ಮೇಲಕ್ಕೆ ನೋಡುತ್ತಿದ್ದ. "ಸಾರ್, ಅಲ್ಲಿ!"

ನಮ್ಮ ತಲೆಯಿಂದ ಎರಡಾಳೆತ್ತರದಲ್ಲಿ, ನೆಟ್ಟಗಿನ ಬಂಡೆಯ ಸೀಳಿನಲ್ಲಿ ಒಂದು ಬಳ್ಳಿ. ಯಾರ ಹಾರೆಯೂ ಎಟುಕದ ಜಾಗ. ಎಲೆ ಹಳದಿಯಾಗಿ ಉದುರುತ್ತಿತ್ತು. ಹಸುವಿನ ಕೊಂಬಿನ ಹಾಗೆ ಜೋಡಿ ಜೋಡಿ ಕಾಯಿಗಳು. ಒಂದು ಜೋಡಿ ಒಣಗಿ ಸೀಳಿತ್ತು, ಒಳಗಿನಿಂದ ಬಿಳಿ ರೇಷ್ಮೆ ಇಣುಕುತ್ತಿತ್ತು. ಹಾಲುಕೊರಟಿಗೆಯದರಂತೆಯೇ ಜುಟ್ಟಿನ ಬೀಜ. ಎಪ್ಪತ್ತಮೂರನೇ ವಯಸ್ಸಿನಲ್ಲಿ ನಾನು ಮಾಗಳಿಯ ಬೀಜ ನೋಡಿದೆ.

ಕೆಳಗಿನಿಂದ ಗಾಳಿ ಬೀಸಿತು. ಹತ್ತಾರು ಬೀಜ ಒಟ್ಟಿಗೆ ಎದ್ದವು. ಕೆಲವು ಬಂಡೆಗೆ ತಾಗಿ ಜಾರಿದವು. ಕೆಲವು ಕಣಿವೆಯ ಕಡೆಗೆ ತೇಲಿ ಬಿಸಿಲಿನಲ್ಲಿ ಕಾಣದಾದವು. ಪುಟ್ಟಿ ಒಂದನ್ನೇ ಹಿಡಿದು ಕಣ್ಣಲ್ಲಿ ಹಿಂಬಾಲಿಸಿದಳು. ಅದು ಹೊರಳಿ ಹೊರಳಿ ಹೋಗಿ, ದೂರದ ಒಂದು ಬಿರುಕಿನ ಹುಲ್ಲಿಗೆ ಸಿಕ್ಕಿಕೊಂಡಿತು.

"ಮೊಳೆಯುತ್ತಾ ತಾತ?"

"ಮಳೆ ಬರುವವರೆಗೆ ಅಲ್ಲೇ ಇದ್ದರೆ ಮೊಳೆಯಬಹುದು."

ಅವಳು ಹತ್ತನೆಯ ಜಾಗದಲ್ಲಿ ಎರಡು ಕೊಂಬು ಬರೆದು, ಸುತ್ತ ಚುಕ್ಕಿ ಚುಕ್ಕಿಯಾಗಿ ಬೀಜ ಬರೆದಳು. ಇಳಿಯುವಾಗ ಕೇಳಿದಳು: "ಅಜ್ಜಿಯ ಜಾಡಿಯಲ್ಲಿ ಎಷ್ಟು ಬಳ್ಳಿ ಇರಬಹುದು?" ಬಿಕಾಂ ಮಾಡಿದವನು, ಲೆಕ್ಕದಲ್ಲಿ ಜೀವನ ಕಳೆದವನು. ಆ ಲೆಕ್ಕ ಮಾತ್ರ ನನ್ನಿಂದಾಗಲಿಲ್ಲ.

ಮನೆಗೆ ಬಂದಾಗ ನನ್ನ ಪ್ಯಾಂಟಿನ ಅಂಚಿನ ತುಂಬ ಉತ್ತರಾಣಿ ಬೀಜ ಅಂಟಿಕೊಂಡಿದ್ದವು. ಉತ್ತರಾಣಿ ಬಳ್ಳಿಯಲ್ಲ. ಆದರೂ ಪುಟ್ಟಿ ಪಟ್ಟಿಯ ಕೆಳಗೆ ಹನ್ನೊಂದನೆಯದಾಗಿ ಅದನ್ನು ಸೇರಿಸಿ, ವಾಹನದ ಜಾಗದಲ್ಲಿ 'ತಾತನ ಪ್ಯಾಂಟು' ಎಂದು ಬರೆದಳು. ಟೀಚರ್ ಅದಕ್ಕೂ ರೈಟ್ ಹಾಕಿ ಕಳಿಸಿದ್ದಾರೆ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಅಮ್ಮ ಕೇಳಿದ ಮಾತನ್ನೂ ಹೇಳಿದೆ. ನಮ್ಮ ಮದುವೆಯಾಗಿ ನಲವತ್ತೈದು ವರ್ಷವಾದರೂ ಆ ಮಾತನ್ನು ಅವಳಿಗೆ ಹೇಳಿರಲಿಲ್ಲ. ಅವಳು ಕೇಳಿಸಿಕೊಂಡಳು. ಜಾಡಿಯಿಂದ ನನ್ನ ತಟ್ಟೆಗೆ ಎರಡು ಚೂರು ಹಾಕಿ, ಮುಚ್ಚಳ ಬಿಗಿಮಾಡಿ ಮೇಲಿಟ್ಟಳು.

"ಆಗಿರೋದನ್ನ ಬಿಸಾಡೋದು ಬೇಡ, ನಿಧಾನವಾಗಿ ತಿನ್ನೋಣ" ಎಂದಳು. "ಬರೋ ವರ್ಷ ಮಾವಿನಶುಂಠಿ ತನ್ನಿ. ಅದನ್ನು ಹಾಕ್ತೀನಿ."